ಅಳಿಯನ ದೋಣಿಗೆ ಹೊಸ ಪಂಖ

ಹರಿಹರ,
ಗುರುವಾರ, ೨೦-೫-೧೯೬೫

ಚಿ. ಸೌ. ಉಮಾಮಹೇಶ್ವರಿಗೆ ನಿನ್ನ ಅವ್ವ ಕಸ್ತೂರಮ್ಮನ ಆಶೀರ್ವಾದ. ಇಲ್ಲಿ ನಾನೂ ನಿಮ್ಮಪ್ಪನೂ ಉಂಡ್ಕೊಂಡು ತಿಂದ್ಕೊಂಡು ಇದೀವಿ. ಕ್ಷೇಮ ಅಂತ ಬರೆಯಾಕೆ ಹೋದೆ, ಕೈ ನಿಂತ್ಕೊಂತು. ಅದಕ್ಕೇ ಇದ್ದದ್ದು ಇದ್ದಂಗೆ ಬರೆದೀನಿ. ನೀನೂ, ಅಳಿಯಂದಿರೂ, ನಿಮ್ಮತ್ತೆಯವರೂ ಹೆಂಗಿದೀರಿ ಅಂತ ತಿಳಿಸ್ಬೇಕು.

ಕಾಗದ ತಡ ಆಯ್ತು, ಬೇಜಾರು ಮಾಡ್ಕೋಬ್ಯಾಡ. ಯುಗಾದಿ ಹಿಂದೆ ಒಂದು ಶುರು ಮಾಡಿದ್ದೆ. ಸಿಟ್ಟಿನಾಗೆ ಏನೇನೋ ಬರೆದು, ಆಮೇಲೆ ನಾನೇ ಓದಿ ನಾನೇ ಹೆದರಿ ಒಲೆಗೆ ಹಾಕ್ದೆ. ದಾವಣಗೆರೆ ಏನು ಕಾಶಿಯೇ? ಬಸ್ ಹತ್ತಿ ಬಾಯಿಗೆ ಎಲೆಅಡಿಕೆ ಹಾಕ್ಕೊಂಡ್ರೆ ಅದು ಮುಗಿಯೋದ್ರಾಗೆ ಊರು ಬರ್ತೈತೆ. ಅಷ್ಟು ಹತ್ತಿರದಾಗಿರೋ ಮಗಳಿಗೆ ಅಂಚೆಚೀಟಿ ಹಚ್ಚಿ ಬರೆಯೋ ಕಾಲ ಬಂತಲ್ಲ. ಮನೆ ವಿಳಾಸಕ್ಕೆ ಹಾಕಿದ್ರೆ ಯಾರ ಕೈಗೆ ಸಿಗ್ತೈತೋ ಅಂತ ಅಳಿಯಂದಿರ ರೇಡಿಯೋ ಅಂಗಡಿಗೆ ಹಾಕ್ತಿದೀನಿ.

ನಿಮ್ಮಪ್ಪ ನನ್ನ ಎದುರಿಗೇ ಕೂತಾರೆ. ನಾನು ನಾಲ್ಕು ಸಾಲು ಬರೆಯೋದು, ಅವರು ಓದಿಸಿ ಕೇಳೋದು, "ಅದು ಬ್ಯಾಡ, ಹೊಡೆದುಹಾಕು" ಅನ್ನೋದು. ಕನ್ನಡಕ ಗೂಟದ ಮೇಲೇ ಐತೆ, ಎದ್ದು ತಗೊಂಡ್ರೆ ತಾವೇ ಓದಬಹುದು. ಅದಾಗಲ್ಲ, ನನ್ನ ಬಾಯಾಗೇ ಕೇಳ್ಬೇಕು. ಎಲ್ಲೆಲ್ಲಿ ಮಸಿ ಬಳಿದೈತೋ ಅದೆಲ್ಲಾ ಅವರ ಕೆಲಸ, ನನ್ನದಲ್ಲ ಅಂತ ತಿಳ್ಕೋ.

ಮೊದಲು ಒಳ್ಳೆ ಸುದ್ದಿ ಹೇಳ್ತೀನಿ. ನಿಮ್ಮಪ್ಪ ಮತ್ತೆ ಲೇತಿನ ಮುಂದೆ ನಿಂತ್ರು. ಆಯುಧಪೂಜೆ ದಿನ ಮುಚ್ಚಿದ ಅಂಗಡಿ ಬಾಗಿಲು ಬಸವ ಜಯಂತಿ ಆದಮೇಲೆ ತೆಗೆದಾರೆ. ಅಲ್ಲೀವರೆಗೂ ಎಣ್ಣೆ ಮಿಲ್ಲಿನವರು ಬಂದ್ರು, ಹತ್ತಿ ಜಿನ್ನಿನವರು ಬಂದ್ರು, "ಪರಮೇಶ್ವರಪ್ಪನೋರೇ, ನಿಮ್ಮ ಕೈ ಬಿಟ್ರೆ ನಮಗೆ ಬೇರೆ ಕೈ ಇಲ್ಲ, ಈ ಒಂದು ಶಾಫ್ಟ್ ತಿರುವಿ ಕೊಡ್ರಿ" ಅಂದ್ರು. ಯಾರ ಕೆಲಸಾನೂ ಮುಟ್ಟಲಿಲ್ಲ. ಬೆಳಿಗ್ಗೆ ಎದ್ದು ಹೊಳೆ ಸೇತುವೆ ಮೇಲೆ ಹೋಗಿ ನಿಲ್ಲೋರು, ಊಟದ ಹೊತ್ತಿಗೆ ಬರೋರು. ಬರೋವರೆಗೂ ನಾನು ಬಾಗಿಲಾಗೆ ನಿಂತಿರ್ತಿದ್ದೆ, ಜೀವ ಕೈಯಾಗೆ ಹಿಡ್ಕೊಂಡು. ಈಗ ಲೇತಿನ ಸದ್ದು ಕೇಳಿದ್ರೆ ಹಾಲು ಕುಡಿದಷ್ಟು ಸಂತೋಷ ಆಗ್ತೈತೆ.

ಆದ್ರೆ ಏನು ಮಾಡಾಕೆ ನಿಂತಾರೆ ಅಂತ ಕೇಳು. ಮತ್ತೆ ಅದೇ ದೋಣಿ, ಅದೇ ಪಂಖ.

ಆ ದೋಣಿ ಹೊಳೆ ಪಾಲಾಗಲಿ ಅಂತ ಬರೆದಿದ್ದೆ, ಹೊಡೆಸಿಹಾಕಿದ್ರು. ಹೋಗಲಿ ಬಿಡು. ಶಿವರಾತ್ರಿ ಹಿಂದೆ ಅಳಿಯಂದಿರು ತಮ್ಮ ಅಂಗಡಿ ಆಳು ಜಂಬಯ್ಯನ್ನ ಕಳಿಸಿ ನಮ್ಮ ಅಂಗಡಿಯಿಂದ ದೋಣಿ ತರಿಸ್ಕೊಂಡ್ರಲ್ಲ, ಅವತ್ತಿಂದ ನಿಮ್ಮಪ್ಪನ ತಲೆಯಾಗೆ ಒಂದೇ ಮಾತು: "ಕೋಪ ಇದ್ದಿದ್ರೆ ದೋಣಿ ಯಾಕ ತರಿಸ್ಕೊತಿದ್ರು? ಅದನ್ನ ಮತ್ತೆ ನೀರಿಗೆ ಬಿಡ್ಬೇಕು ಅಂತ ಅವರ ಮನಸ್ನಾಗೆ ಐತೆ." ನಾನು, ಒಡೆದು ಒಲೆಗೆ ಹಾಕಾಕೂ ತರಿಸ್ಕೊಂಡಿರಬಹುದಲ್ಲ ಅಂದೆ. ಅವತ್ತು ರಾತ್ರಿ ಊಟ ಬಿಟ್ರು. ಆಮೇಲೆ ನಾನು ಆ ಮಾತು ಎತ್ತಿಲ್ಲ.

ಆ ದೋಣಿ ಅವರಿಬ್ಬರನ್ನ ಹೆಂಗೆ ಕಟ್ಟಿಹಾಕಿತ್ತು ಅಂತ ನಿನಗೆ ನಾನು ಹೇಳ್ಬೇಕಾಗಿಲ್ಲ. ನಿನ್ನ ಮದುವೆ ಆದ ವರ್ಷ ಅಳಿಯಂದಿರು ಅದನ್ನ ಕಂಕುಳಾಗೆ ಇಟ್ಕೊಂಡು ಬಂದಾಗ, ಇದೇನು ಈ ಗಂಡಸು ಮಕ್ಕಳಾಟಿಕೆ ಹಿಡ್ಕೊಂಡು ಬಂದಾನಲ್ಲಪ್ಪಾ ಅಂತ ನಾನು ಒಳಗೇ ನಕ್ಕಿದ್ದೆ. ಮೊಳದುದ್ದದ ಮರದ ದೋಣಿ, ಒಳಗೆ ಒಂದು ರೇಡಿಯೋ, ದಡದ ಮೇಲೆ ಅಳಿಯಂದಿರ ಕೈಯಾಗೆ ಒಂದು ಪೆಟ್ಟಿಗೆ. ಪೆಟ್ಟಿಗೆ ಗುಂಡಿ ಒತ್ತಿದ್ರೆ ನೀರಿನ ನಡುವೆ ದೋಣಿ ಚುಕ್ಕಾಣಿ ತಿರುಗಿಸ್ಕೊಂಡು ಬಳಸಿ ಬರ್ತಿತ್ತು. ತಂತಿ ಇಲ್ಲ, ಹಗ್ಗ ಇಲ್ಲ. ಹೊಳೆಯಾಗೆ ಬಟ್ಟೆ ಒಗೆಯೋ ಹೆಣ್ಮಕ್ಕಳು ಬಟ್ಟೆ ಬಿಟ್ಟು ನಿಂತಿದ್ರು.

ಆದ್ರೆ ಅದಕ್ಕೆ ಕಸುವು ಇರಲಿಲ್ಲ. ಬ್ಯಾಟರಿ ಮೋಟರು ಗುಂಯ್ ಅನ್ನೋದು, ಹೊಳೆ ಸೆಳವಿಗೆ ಸಿಕ್ರೆ ತೇಲಿ ಹೋಗೋದು. ಅಳಿಯಂದಿರು ಮುಂಬಯಿಂದ ಪುಟ್ಟ ಎಂಜಿನ್ ತರಿಸಿದ್ರು. ಎಂಜಿನ್ ಬಂತು, ಹಿಂದಿನ ಸಾಮಾನು ಹಳೇದು. ದೋಣೀನ ಹಿಂದಿಂದ ನೂಕೋ ಪಂಖ ತಿರುಗಿಸೋ ಕಡ್ಡಿಗೆ ಸೈಕಲ್ ಸ್ಪೋಕು ಹಾಕಿದ್ರು, ಎಂಜಿನ್ನಿಗೂ ಕಡ್ಡಿಗೂ ಜೋಡಣೆ ಮಾಡಾಕೆ ಸೈಕಲ್ಲಿನ ರಬ್ಬರ್ ವಾಲ್‌ಟ್ಯೂಬ್ ಚುಚ್ಚಿದ್ರು. ಮೊದಲನೇ ದಿನವೇ ವಾಲ್‌ಟ್ಯೂಬ್ ಹರೀತು, ಎರಡನೇ ದಿನ ಸ್ಪೋಕು ಹಪ್ಪಳದಂಗೆ ಸೊಟ್ಟ ಆಯ್ತು. ಅವತ್ತು ನಿಮ್ಮಪ್ಪ ನಕ್ಕ ನಗು ನನಗಿನ್ನೂ ಕಿವಿಯಾಗೈತೆ. "ಎತ್ತಿನ ಗಾಡಿ ನೊಗ ಹಾಕಿ ಲಾರಿ ಎಳೆಸ್ತೀರಲ್ಲ ಅಳಿಯಂದಿರೇ, ಎಂಜಿನ್ ಬದಲಾಯಿಸಿದ ಮೇಲೆ ಅದರ ಹಿಂದಿದ್ದದ್ದೆಲ್ಲಾ ಬದಲಾಗ್ಬೇಕು" ಅಂದ್ರು. ಅಲ್ಲಿಂದ ಶುರುವಾಯ್ತು. ಉಕ್ಕಿನ ಕಡ್ಡಿ ತಿರುವಿದ್ರು, ಅದು ಸವೆಯದಂಗೆ ತಿರುಗಾಕೆ ಹಿತ್ತಾಳೆ ಬುಷ್ ಕೂಡಿಸಿದ್ರು, ನೀರು ಒಳಗೆ ಬರದಂಗೆ ಕಡ್ಡಿ ಹಾಯೋ ಕೊಳವೆಗೆ ಗ್ರೀಸು ತುಂಬಿದ್ರು. ಕೊನೆಗೆ ತಗಡಿನ ಎರಡೆಲೆ ಪಂಖ ಕಿತ್ತು ಹಿತ್ತಾಳೆದು ಮೂರೆಲೆದು ಹಾಕಿದ್ರು. ಭಾನುವಾರ ಬಂದ್ರೆ ಮಾವ ಅಳಿಯ ಇಬ್ಬರೂ ಹೊಳೆದಂಡೆ ಮೇಲೆ ಹೊಟ್ಟೆ ಅಡಿ ಮಾಡಿ ಮಲಗಿ ನೀರಿಗೆ ಕಣ್ಣು ಹಚ್ಚಿರೋರು. ಊಟಕ್ಕೆ ಕರೆದ್ರೆ ಕಿವಿ ಕೇಳ್ತಿರಲಿಲ್ಲ. ಗಂಡುಮಗ ಇಲ್ಲ ಅಂತ ನಿಮ್ಮಪ್ಪ ಬಾಯಿಬಿಟ್ಟು ಹೇಳಿದೋರಲ್ಲ. ಆ ವರ್ಷ ಅವರ ಮುಖ ನೋಡಿದ ಮೇಲೆ ನನಗೆ ತಿಳೀತು.

ಈಗ ನಾನು ಆಯುಧಪೂಜೆ ದಿನದ ಮಾತು ಬರೀತೀನಿ. ನಿಮ್ಮಪ್ಪ ಬ್ಯಾಡ ಬ್ಯಾಡ ಅಂತ ಕೈ ಆಡಿಸ್ತಿದಾರೆ, ನಾನು ಬರಿಯೋಳೇ. ನೀನು ಒಳಗೆ ಹೋಳಿಗೆ ಬೇಯಿಸ್ತಿದ್ದೆ, ಕಣ್ಣಾರೆ ನೋಡಿದೋಳಲ್ಲ. ಆಮೇಲೆ ನಿನಗೆ ಹೇಳಿದೋರು ತಮ್ಮ ತಮ್ಮ ಬಾಯಿಗೆ ಬಂದಂಗೆ ಹೇಳ್ಯಾರೆ. ನಾನು ಆರತಿ ತಟ್ಟೆ ಹಿಡ್ಕೊಂಡು ಅಲ್ಲೇ ನಿಂತಿದ್ದೆ.

ಪೂಜೆ ಆದಮೇಲೆ ನಮ್ಮ ಅಂಗಡಿಯಾಗೆ ಪದ್ಧತಿ ಹೆಂಗೈತೆ ಅಂತ ನಿನಗೆ ಗೊತ್ತು. ವಿಭೂತಿ ಹಚ್ಚಿ, ಹೂವು ಏರಿಸಿ, ಕಾಯಿ ಒಡೆದು, ಒಂದೊಂದು ಯಂತ್ರಾನೂ ಒಂದು ಗಳಿಗೆ ಬರಿದೇ ಓಡಿಸ್ಬೇಕು. ಕೆಲಸ ಹಚ್ಚಬಾರದು. ಅದು ದೇವರಿಗೆ ಬಿಟ್ಟ ಸುತ್ತು. ನಿಮ್ಮ ತಾತನ ಕಾಲದಿಂದ ನಡೆದುಬಂದೈತೆ, ಯಾರಿಗೂ ಒಂದು ಗೀರು ಆಗಿಲ್ಲ. ಲೇತು ಓಡಿಸಿದ್ರು, ತೂತು ಕೊರೆಯೋ ಯಂತ್ರ ಓಡಿಸಿದ್ರು, ಸಾಣೆ ಓಡಿಸಿದ್ರು. ದೋಣಿ ಮಣೆ ಮೇಲಿತ್ತು, ಅದಕ್ಕೂ ವಿಭೂತಿ ಹಚ್ಚಿದ್ವಿ. ಆಗ ನಿಮ್ಮತ್ತೆ ಮರುಳಸಿದ್ದಮ್ಮನೋರು ನಗುನಗುತಾ, "ಅದೂ ಯಂತ್ರಾನೇ ಅಲ್ಲೇನ್ರಿ ಬೀಗರೇ, ಅದನ್ನ್ಯಾಕ ಬಿಟ್ರಿ? ನನ್ನ ಮಗನ ದೋಣಿ ಮುನಿಸ್ಕೊಂಡೀತು" ಅಂದ್ರು. ಎಲ್ಲಾರೂ ನಕ್ವಿ, ನಾನೂ ನಕ್ಕೆ. ಅಳಿಯಂದಿರು ಹುರಿ ಸುತ್ತಿ ಎಳೆದು ಎಂಜಿನ್ ಹಚ್ಚಿದ್ರು.

ಲೇತು ಬರಿದೇ ತಿರುಗಿದ್ರೂ ಬೆಲ್ಟು ಅದನ್ನ ಒಂದೇ ವೇಗದಾಗೆ ಹಿಡಿದಿರ್ತೈತೆ. ದೋಣಿ ಪಂಖಕ್ಕೆ ನೀರೇ ಭಾರ, ನೀರೇ ಕಡಿವಾಣ. ನೀರಿಲ್ಲದೆ ಹಚ್ಚಿದ್ರೆ ಅದು ಹುಚ್ಚೆದ್ದು ತಿರುಗ್ತೈತೆ. ಇದು ಆಮೇಲೆ ನಿಮ್ಮಪ್ಪ ನನಗೆ ಹೇಳಿದ್ದು, ಅವತ್ತು ಯಾರ ತಲೆಗೂ ಹೊಳೀಲಿಲ್ಲ. ಎಲೆಗಳನ್ನ ಇನ್ನೂ ಪಕ್ಕಾ ಮಾಡಿರಲಿಲ್ಲ. ಎಷ್ಟು ವಾರೆ ಇದ್ರೆ ದೋಣೀನ ಚೆನ್ನಾಗಿ ನೂಕ್ತಾವೆ ಅಂತ ನೋಡಾಕೆ ಸದ್ಯಕ್ಕೆ ತವರದ ಬೆಸುಗೆ ಹಾಕಿದ್ರು, ಬಿಸಿ ಮಾಡಿ ಮತ್ತೆ ತಿರುಗಿಸೋ ಹಂಗೆ. ಅದು ಅಳಿಯಂದಿರಿಗೂ ಗೊತ್ತಿತ್ತು, ಇಬ್ಬರೂ ಕೂತೇ ಮಾಡಿದ್ದು. ಅಳಿಯಂದಿರು ಬಗ್ಗಿ ಪಂಖದ ಕಡೆ ನೋಡಿದ್ರು. ಒಂದು ಎಲೆ ಕಿತ್ತು ಬಂತು. ಸದ್ದು ಕೂಡ ಆಗಲಿಲ್ಲ ಉಮಾ, ಅವರು ಎಡಗಣ್ಣು ಮುಚ್ಕೊಂಡು ಕೂತ್ಕೊಂಡ್ರು ಅಷ್ಟೇ. ಕಣ್ಣಿಗೆ ಕಸ ಬಿತ್ತೇನೋ ಅಂತ ನಾನು ಸೆರಗಿನ ಚುಂಗು ಹಿಡ್ಕೊಂಡು ಊದಾಕೆ ಹೋಗಿದ್ದೆ.

ಮುಂದಿನದು ನಿನಗೆ ಗೊತ್ತು. ಡಾಕ್ಟ್ರು ಆ ಕಣ್ಣು ಹೋಯ್ತು ಅಂದ ದಿನ ಆಸ್ಪತ್ರೆ ಪಡಸಾಲೆಯಾಗೆ ನಿಮ್ಮತ್ತೆ, "ಮಾವನ ಕೈಯಿಂದ ಅಳಿಯನ ಕಣ್ಣು ಹೋಯ್ತು, ಇಂಥದ್ದು ಎಲ್ಲಾದರೂ ಉಂಟೇ" ಅಂದ್ರು. ಹೆತ್ತ ಕರುಳು, ಅಂದ್ರು. ನಾನಾಗಿದ್ರೆ ಇನ್ನೂ ನಾಲ್ಕು ಅಂತಿದ್ದೆ. ಓಡಿಸ್ರಿ ಅಂದೋರು ಯಾರು ಅಂತ ನನ್ನ ನಾಲಿಗೆ ತುದಿಗೆ ಬಂದಿತ್ತು, ನಿಮ್ಮಪ್ಪ ನನ್ನ ಕೈ ಹಿಡಿದು ಅದುಮಿದ್ರು. ಈಗಲೂ ಇದನ್ನ ಹೊಡೆದುಹಾಕು ಅಂತಿದಾರೆ. ಹಾಕಲ್ಲ. ಆ ಮಾತು ದಾವಣಗೆರೆ ಅರ್ಧ ಊರಿಗೆ ಹೋಯ್ತು, ಬಸ್ಸಿನಾಗೆ ಹರಿಹರಕ್ಕೂ ಬಂತು. ನಿಮ್ಮಪ್ಪ ಒಂದು ದಿನಾನೂ ಅಲ್ಲ ಅನ್ನಲಿಲ್ಲ.

ನನಗೆ ಅದೂ ಅಷ್ಟು ನಾಟಲಿಲ್ಲ, ನಾಟಿದ್ದು ಕುಬುಸದ ದಿನ. ಹಸಿರು ಸೀರೆ, ಕುಬುಸದ ಕಣ, ಹೂವು, ಐದು ಥರ ಅನ್ನ ಕಟ್ಕೊಂಡು ನಾನೊಬ್ಬಳೇ ಬಂದೆ, ಏಳನೇ ತಿಂಗಳಾಗೆ ಬಸುರಿ ಮಗಳನ್ನ ಕರ್ಕೊಂಡು ಬರ್ಬೇಕು ಅಂತ. ನಿಮ್ಮತ್ತೆ ಕೂಡ್ರಿ ಅಂದ್ರು, ನೀರು ಕೊಟ್ರು, ಚಾ ಕೊಟ್ರು. ಮರ್ಯಾದೆಗೆ ಏನೂ ಕಮ್ಮಿ ಮಾಡಲಿಲ್ಲ. "ಕುಬುಸ ನಾವೇ ಮಾಡ್ತೀವಿ ಬೀಗತಿ, ಬಾಣಂತನಾನೂ ನಮ್ಮಲ್ಲೇ. ಒಂದು ಕಣ್ಣು ಕಳಕೊಂಡೀವಿ, ಇನ್ನು ಆ ಮನೆಗೆ ನಮ್ಮೋರು ಯಾರನ್ನೂ ಕಳಿಸೋ ಧೈರ್ಯ ಇಲ್ಲ" ಅಂದ್ರು. ಅವರ ಭಯ ಅವರಿಗೆ. ನೀನು ನಡುಮನೆ ಬಾಗಿಲಾಗೆ ನಿಂತಿದ್ದೆ, ನೆಲ ನೋಡ್ಕೊಂಡು. ಅವ್ವಾ ಅಂತ ಒಂದು ಸಲ ಕರೆದಿದ್ರೆ ಸಾಕಿತ್ತು. ಕಟ್ಟಿದ ಬುತ್ತಿ ಕಟ್ಟಿದಂಗೇ ವಾಪಸ್ ತಂದೆ. ಬಸ್ಸಿನ ಕಂಡಕ್ಟರ್ "ಯಾವೂರ ಕುಬುಸನಮ್ಮ?" ಅಂತ ಕೇಳಿದ, ಹರಿಹರದ್ದೇ ಅಂದೆ. ಚೊಚ್ಚಲ ಬಾಣಂತನಕ್ಕೆ ತವರಿಗೆ ಬರದ ಮಗಳು ನಮ್ಮ ಮನೆತನದಾಗೆ ಯಾರೂ ಇಲ್ಲ.

ನಿಮ್ಮಪ್ಪ ಆ ಆಸೆ ಬಿಟ್ಟಿಲ್ಲ. ಅದಕ್ಕೇ ಈ ಕಾಗದ. ಮೂಲೆ ಕೋಣೆಗೆ ಸುಣ್ಣ ಹೊಡೆದಾರೆ, ಹಂಡೆ ಕಲಾಯಿ ಮಾಡಿಸ್ಯಾರೆ, ಗಾಳಿ ಬರಬಾರದು ಅಂತ ಕಿಟಕಿಗೆ ಹಲಗೆ ಬಡಿದಾರೆ. ಅಂಟಿನುಂಡೆಗೆ ಅಂಟು, ಕೊಬ್ಬರಿ, ಉತ್ತುತ್ತಿ ನಾನೇ ತರಿಸಿಟ್ಟೀನಿ. ತಿಂಗಳು ತುಂಬಿದ್ರೂ ಚಿಂತೆ ಇಲ್ಲ, ಬಾಡಿಗೆ ಕಾರು ಮಾಡಿ ಕಳಿಸ್ತೀನಿ, ಮೆಲ್ಲಗೆ ಕರ್ಕೊಂಡು ಬರ್ತಾರೆ ಅಂತ ಬರಿ ಅಂತಿದಾರೆ. ನಿನ್ನ ಮೈ ಹೆಂಗೈತೆ, ಕಾಲು ಬಾತಾವಾ, ನೋವು ಏನಾದ್ರೂ ಕಾಣಿಸ್ಕೊಂಡೈತಾ ಅಂತ ಕೇಳು ಅಂತಾರೆ. ಕೇಳಿದೀನಿ. ಉತ್ತರ ಬರಿ.

ಇನ್ನು ಪಂಖದ ವಿಷಯ. ಈ ಕಾಗದದ ಜೊತೆ ಒಂದು ಪಾರ್ಸೆಲ್ ಬರ್ತೈತೆ. ಅದರಾಗೆ ಹೊಸ ಪಂಖ, ಹೊಸ ಕಡ್ಡಿ, ಜೋಡಣೆ ಸಾಮಾನು ಎಲ್ಲಾ ಐತೆ. ಅಳಿಯಂದಿರಿಗೆ ಹೇಳ್ಬೇಕಾದ್ದನ್ನ ನಿಮ್ಮಪ್ಪ ಹೇಳ್ತಾರೆ, ನಾನು ಅವರ ಬಾಯಿಂದ ಬಂದಂಗೇ ಬರೀತೀನಿ, ತಪ್ಪಿದ್ರೆ ನನ್ನನ್ನ ಬೈಯಬ್ಯಾಡ್ರಿ:

"ಚಿ. ಕರಿಬಸವರಾಜ ಅವರಿಗೆ. ಈ ಪಂಖಕ್ಕೆ ಬೆಸುಗೆ ಇಲ್ಲ. ಒಂದೇ ಹಿತ್ತಾಳೆ ಗಟ್ಟಿಯಿಂದ ಕೊರೆದು ಅರದಾಗೆ ಉಜ್ಜಿದೀನಿ, ಎಲೆ ಬೇರೆ ಬುಡ ಬೇರೆ ಅಲ್ಲ. ಮೂರೆಲೇನೂ ತೂಕಕ್ಕೆ ಸರಿ ಮಾಡಿದೀನಿ. ಸೂಜಿ ಮೇಲೆ ನಿಲ್ಲಿಸಿ ನೋಡ್ರಿ, ಯಾವ ಕಡೆಗೂ ವಾಲಬಾರದು. ಹಳೇದಕ್ಕಿಂತ ಅಗಲ ಒಂದು ಚೂರು ಕಮ್ಮಿ, ವಾರೆ ಒಂದು ಚೂರು ಜಾಸ್ತಿ. ನಿಮ್ಮ ಎಂಜಿನ್ನಿಗೆ ಅದು ಒಪ್ತೈತೆ, ಉಸಿರು ಕಟ್ಟಲ್ಲ. ಕಡ್ಡೀನ ಗಾಜಿನ ಮೇಲೆ ಉರುಳಿಸಿ ನೋಡಿ ಆಮೇಲೆ ಕೂಡಿಸ್ರಿ. ಎಂಜಿನ್ನಿಗೂ ಕಡ್ಡಿಗೂ ಒಂದೇ ಗೆರೆ ಬರ್ಬೇಕು, ಬರದಿದ್ರೆ ಬುಷ್ ತಿಂದುಹಾಕ್ತೈತೆ. ಪಂಖದ ಸುತ್ತ ಒಂದು ತಗಡಿನ ಕಾವಲು ಮಾಡಿದೀನಿ, ವೇಗ ಸ್ವಲ್ಪ ತಿಂತೈತೆ, ತಿನ್ನಲಿ, ಅದನ್ನ ತೆಗೀಬ್ಯಾಡ್ರಿ. ನೀರಿಗೆ ಇಳಿಸೋವರೆಗೂ ಎಂಜಿನ್ ಹಚ್ಚಬ್ಯಾಡ್ರಿ. ಯಾರು ಹೇಳಿದ್ರೂ, ದೇವರ ಹೆಸರು ಹೇಳಿದ್ರೂ ಹಚ್ಚಬ್ಯಾಡ್ರಿ."

ಇಷ್ಟು ಹೇಳಿ ಪಾರ್ಸೆಲ್ಲಿನ ದಾರ ಬಿಗಿಯಾಕೆ ಶುರು ಮಾಡಿದ್ರು. ಇನ್ನೇನಾದ್ರೂ ಐತಾ ಅಂದೆ. "ಒಂದು ಕಣ್ಣಾಗೆ ದೂರ ಹತ್ತಿರ ಸರಿಯಾಗಿ ತಿಳಿಯಲ್ಲ, ಸ್ಕ್ರೂ ಬಿಗಿಯೋವಾಗ ಬೆರಳಾಗೆ ಮುಟ್ಟಿ ನೋಡ್ಕೊಳ್ರಿ ಅಂತ ಬರಿ" ಅಂದ್ರು. ಆಮೇಲೆ "ಬ್ಯಾಡ, ಅದನ್ನ ಬರೀಬ್ಯಾಡ, ನೊಂದ್ಕೊಂಡಾರು" ಅಂದ್ರು. ನಾನು ಬರೆದುಬಿಟ್ಟೀನಿ. ಅವರು ಒಂದು ಕಣ್ಣು ಮುಚ್ಕೊಂಡು ಆ ಪಂಖ ಉಜ್ಜಿದ್ದನ್ನ ನಾನು ಬಾಗಿಲ ಸಂದಿಯಿಂದ ನೋಡಿದೀನಿ. ಯಾಕ ಅಂತ ಕೇಳಿದ್ರೆ ಧೂಳು ಬಿದ್ದಿತ್ತು ಅಂದ್ರು.

ನನ್ನ ಕೇಳಿದ್ರೆ ಈ ಪಂಖದಿಂದ ಏನೂ ಕೂಡಿ ಬರಲ್ಲ. ಮುರಿದ ಮನಸ್ಸಿಗೆ ಹಿತ್ತಾಳೆ ಬೆಸುಗೆ ಎಲ್ಲೈತೆ? ಆದ್ರೆ ನಿಮ್ಮಪ್ಪನಿಗೆ ಬೇರೆ ಭಾಷೆ ಬರಲ್ಲ ಉಮಾ. ಕ್ಷಮಿಸ್ರಿ ಅಂತ ಬಾಯಿಬಿಟ್ಟು ಹೇಳಾಕೆ ಬರದೋರು ಇದನ್ನ ಮಾಡಿ ಕಳಿಸ್ತಿದಾರೆ. ಅಳಿಯಂದಿರು ಅದನ್ನ ದೋಣಿಗೆ ಹಾಕಲಿ ಬಿಡಲಿ, ತಲುಪಿತು ಅಂತ ಒಂದು ಮಾತು ಹೇಳಿ ಕಳಿಸಲಿ. ಅಷ್ಟಾದ್ರೆ ಇವರು ಎಣ್ಣೆ ಮಿಲ್ಲಿನ ಕೆಲಸ ಹಿಡೀತಾರೆ, ನಾನೂ ಬಾಗಿಲಾಗೆ ನಿಲ್ಲೋದು ಬಿಡ್ತೀನಿ.

ಊರಿನ ಸುದ್ದಿ ಏನೂ ಇಲ್ಲ. ಹೊಳೆ ಬತ್ತೈತೆ, ಸೆಖೆ ಬಹಳ. ಪಕ್ಕದ ಮನೆ ಹೊನ್ನಕ್ಕನ ಎಮ್ಮೆ ಈದೈತೆ, ಗಿಣ್ಣು ಕೊಟ್ಟಿದ್ಲು. ಉಪ್ಪಿನಕಾಯಿ ಹಾಕಿದೀನಿ, ಆದ್ರೆ ಅದು ನಿನಗೆ ಈಗ ಆಗಲ್ಲ, ಕೇಳಬ್ಯಾಡ.

ನಿಮ್ಮತ್ತೆಯವರಿಗೆ ನನ್ನ ಶರಣು ತಿಳಿಸು, ನಾನು ಬರೆದದ್ದನ್ನ ತಿಳಿಸಬ್ಯಾಡ. ಅಳಿಯಂದಿರಿಗೆ ಇಬ್ಬರ ಆಶೀರ್ವಾದ. ಹರಿಹರೇಶ್ವರ ನಿನ್ನ ಹೊಟ್ಟೆ ತಣ್ಣಗಿಟ್ಟಿರಲಿ, ಅರಿಶಿನ ಕುಂಕುಮ ಗಟ್ಟಿಯಾಗಿರಲಿ, ನಿನ್ನ ಮಕ್ಕಳ ಕಾಲಕ್ಕಾದ್ರೂ ಈ ಒಂಬತ್ತು ಮೈಲಿ ದಾರಿ ಸವೆಯಲಿ.

ಇಂತಿ ನಿನ್ನ ಅವ್ವ,
ಕಸ್ತೂರಮ್ಮ
(ನಿಮ್ಮಪ್ಪನ ಆಶೀರ್ವಾದ ಬೇರೆ. ನಾನೇ ಬರೀತೀನಿ ಅಂತ ಪೆನ್ನು ಕಸ್ಕೊಂಡ್ರು, ಒಂದಕ್ಷರಾನೂ ಬರೀದೆ ವಾಪಸ್ ಕೊಟ್ರು.)

ತಾ. ಕ. ಇದನ್ನ ಪೋಸ್ಟಾಫೀಸಿನ ಕಟ್ಟೆ ಮೇಲೆ ಕೂತು ಬರೀತಿದೀನಿ. ನಿಮ್ಮಪ್ಪ ಜೊತೆಗಿಲ್ಲ. ಕವರಿಗೆ ಅಂಟು ಹತ್ತುತಿಲ್ಲ, ಅಲ್ಲೇ ಹಚ್ತೀನಿ ಅಂತ ಸುಳ್ಳು ಹೇಳಿ ತಂದೆ.

ಸೋಮವಾರ ಬಳೆಗಾರ್ತಿ ಬಿಲ್ಕೀಸ್ ಬಂದಿದ್ಲು. ನಿಮ್ಮ ಕೇರಿಗೂ ಅವಳೇ ಅಲ್ಲವಾ ಬಳೆ ಮಾರೋಳು. ನನ್ನ ಕೈ ಹಿಡ್ಕೊಂಡು ಬಳೆ ಏರಿಸ್ತಾ, "ಮೊಮ್ಮಗನಿಗೆ ಏನು ಹೆಸರಿಟ್ರಿ ಅಮ್ಮಾ, ತಲೆತುಂಬಾ ಕೂದಲು ನೋಡ್ರಿ, ಕಿವಿ ಥೇಟ್ ಅಜ್ಜಂದೇ" ಅಂದ್ಲು. ನಾನು ಕೈ ಹಿಂದಕ್ಕೆ ತಗೊಳ್ಳಲಿಲ್ಲ. ಯಾವಾಗ ಹುಟ್ಟಿದ್ದು ಅಂತ ಅವಳನ್ನ ಹೆಂಗೆ ಕೇಳಲಿ? ಅವಳೇ ಹೇಳಿದ್ಲು, ತೊಟ್ಟಿಲಿಗೆ ಹಾಕಿದ್ದೂ ಆಯ್ತಂತೆ, ಅಯ್ಯನೋರು ಬಂದು ಲಿಂಗ ಕಟ್ಟಿದ್ದೂ ಆಯ್ತಂತೆ. ತವರಿನ ತೊಟ್ಟಿಲು ಇಲ್ಲದೆ ಯಾವ ತೊಟ್ಟಿಲಾಗೆ ಮಲಗಿಸಿದ್ರಿ ತಾಯಿ? ಸಿಹಿ ಕೊಡ್ರಿ ಅಮ್ಮಾ ಅಂದ್ಲು, ಸಕ್ಕರೆ ಡಬ್ಬಿ ತಂದು ಬಾಯಿತುಂಬಾ ಹಾಕಿ ಕಳಿಸಿದೆ. ಆಮೇಲೆ ಅಡಿಗೆಮನೆ ಬಾಗಿಲು ಹಾಕ್ಕೊಂಡು ಕೂತೆ.

ಯಾಕ ಹೇಳಿ ಕಳಿಸಲಿಲ್ಲ ಅಂತ ನಾನು ಕೇಳಲ್ಲ. ಹಸಿ ಬಾಣಂತಿ, ಅಳಬ್ಯಾಡ, ಕಣ್ಣಿಗೆ ಒಳ್ಳೇದಲ್ಲ. ನಿಮ್ಮಪ್ಪನಿಗೆ ನಾನು ಹೇಳಿಲ್ಲ. ಅದಕ್ಕೇ ಮೇಲಿನದೆಲ್ಲಾ ಏನೂ ಗೊತ್ತಿಲ್ಲದೋಳ ಹಂಗೆ ಬರೆದು, ಅವರಿಗೆ ಓದಿ ಹೇಳಿದೆ. ನೋವು ಕಾಣಿಸ್ಕೊಂಡೈತಾ ಅಂತ ಕೇಳೋವಾಗ ಸುಳ್ಳೇ ಕೆಮ್ಮಿದೆ.

ನೀನು ಒಂದು ಕೆಲಸ ಮಾಡು. ನಿಮ್ಮಪ್ಪನ ಹೆಸರಿಗೆ ಒಂದು ಕಾರ್ಡು ಹಾಕು, "ಅಪ್ಪಾ, ನಿನ್ನೆ ನನಗೆ ಗಂಡುಮಗು ಆಯ್ತು, ಬಹಳ ಅವಸರ ಆಗಿ ಇಲ್ಲೇ ಆಯ್ತು, ಎಲ್ಲಾರಿಗಿಂತ ಮೊದಲು ನಿಮಗೇ ಬರೀತಿದೀನಿ" ಅಂತ. ಸುಳ್ಳಿನ ಪಾಪ ನನಗಿರಲಿ. ಆ ಕಾರ್ಡನ್ನ ನಾನೇ ಅವರಿಗೆ ಓದಿ ಹೇಳ್ಬೇಕು, ಕೇಳಿದ ತಕ್ಷಣ ಅವರಿಗಿಂತ ಮೊದಲು ನಾನು ಬೆಚ್ಚಿಬಿದ್ದು ಸಂತೋಷ ಪಡಬೇಕು. ಅದು ಹೆಂಗೆ ಅಂತ ಸೋಮವಾರದಿಂದ ಒಬ್ಬಳೇ ಇದ್ದಾಗ ಮಾಡಿ ನೋಡ್ತಿದೀನಿ, ಇನ್ನೂ ಬರ್ತಿಲ್ಲ.